ಒಪ್ಪಿಗೆ ಕೇಳದ ವರ್ಗಾವಣೆ

1976ರ ಮೇ 27ರಂದು ದೆಹಲಿಯಿಂದ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಅಧಿಸೂಚನೆ ಹೊರಟಿತು. ಗುಜರಾತ್ ಹೈಕೋರ್ಟಿನ ನ್ಯಾಯಮೂರ್ತಿ ಸಂಕಲ್‌ಚಂದ್ ಹಿಮತ್‌ಲಾಲ್ ಶೇಠ್ ಅವರನ್ನು, ಸಂವಿಧಾನದ 222ನೇ ವಿಧಿಯ ಪ್ರಕಾರ, ಭಾರತದ ಮುಖ್ಯ ನ್ಯಾಯಮೂರ್ತಿಯವರೊಂದಿಗೆ ಸಮಾಲೋಚಿಸಿ, ಆಂಧ್ರಪ್ರದೇಶ ಹೈಕೋರ್ಟಿಗೆ ವರ್ಗಾಯಿಸಲಾಗಿದೆ ಎಂಬುದು ಅದರ ಸಾರ. ಯಾಕೆ ಎಂಬುದು ಅದರಲ್ಲಿರಲಿಲ್ಲ. ಹೋಗಲು ಒಪ್ಪಿಗೆಯಿದೆಯೇ ಎಂದು ಶೇಠ್ ಅವರನ್ನು ಯಾರೂ ಕೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಇಂಥ ಆದೇಶ ಪಡೆದವರು ಅವರೊಬ್ಬರೇ ಅಲ್ಲ. ದೇಶದ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳು ಇದ್ದೂರಿನಿಂದ ಎದ್ದು ಬೇರೆ ರಾಜ್ಯಗಳಿಗೆ ಹೊರಡಬೇಕಾಯಿತು. ಗುಜರಾತಿನಿಂದಲೇ ಮೂವರು: ಮುಖ್ಯ ನ್ಯಾಯಮೂರ್ತಿ ಬಿ.ಜೆ. ದಿವಾನ್ ಮತ್ತು ಶೇಠ್ ಆಂಧ್ರಕ್ಕೆ, ಟಿ.ಯು. ಮೆಹ್ತಾ ಹಿಮಾಚಲಕ್ಕೆ. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ. ಸಂವಿಧಾನ ಜಾರಿಗೆ ಬಂದು ಕಾಲು ಶತಮಾನ ಕಳೆದಿತ್ತು. ಅಷ್ಟು ಕಾಲವೂ ವರ್ಗಾವಣೆಗಳು ಅಪರೂಪವಾಗಿದ್ದವು, ಆದವೆಲ್ಲ ಆಯಾ ನ್ಯಾಯಮೂರ್ತಿಗಳ ಒಪ್ಪಿಗೆಯಿಂದಲೇ ಆಗಿದ್ದವು. ಎಲ್ಲೂ ಬರೆದಿಡದ ಆ ಪದ್ಧತಿ ಕೆಲವೇ ವಾರಗಳಲ್ಲಿ ಮುರಿದುಬಿತ್ತು. ಅದು ತುರ್ತು ಪರಿಸ್ಥಿತಿಯ ಕಾಲವಾದ್ದರಿಂದ ಪತ್ರಿಕೆಗಳಲ್ಲಿ ಅದರ ಸದ್ದೂ ಹೆಚ್ಚು ಕೇಳಲಿಲ್ಲ.

ಈ ಕತೆಯ ಬೇರು ಇನ್ನೂ ಮೂರು ವರ್ಷ ಹಿಂದಕ್ಕೆ ಹೋಗುತ್ತದೆ. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಕೂಡದು ಎಂದು ತೀರ್ಪು ಕೊಟ್ಟಿತು. ಮರುದಿನವೇ ಸರ್ಕಾರ ತನ್ನ ಉತ್ತರ ಕೊಟ್ಟಿತು. ಸೇವಾ ಹಿರಿತನದಲ್ಲಿ ಮುಂದಿದ್ದ ಮೂವರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ದಾಟಿಸಿಕೊಂಡ ಮೂವರಲ್ಲಿ ಜೆ.ಎಂ. ಶೇಲತ್ ಹಿಂದೆ ಗುಜರಾತ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ಕೆ.ಎಸ್. ಹೆಗ್ಡೆ ನಮ್ಮ ಕರ್ನಾಟಕದವರು, ಮೂರನೆಯವರು ಎ.ಎನ್. ಗ್ರೋವರ್. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. 1976ರ ಅಧಿಸೂಚನೆಯಲ್ಲಿ ‘ಸಮಾಲೋಚಿಸಲಾಗಿದೆ’ ಎಂದು ಹೇಳಿದ್ದು ಇದೇ ರೇ ಅವರೊಂದಿಗೆ. ಆ ಸಮಾಲೋಚನೆಯಲ್ಲಿ ಏನು ಕೇಳಲಾಯಿತು, ಏನು ಹೇಳಲಾಯಿತು? ಮುಂದಿನ ಹದಿನಾರು ತಿಂಗಳ ಹೋರಾಟವೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಶೇಠ್ ಅವರ ಮೇಲೆ ಸರ್ಕಾರದ ಕಣ್ಣು ಯಾಕೆ ಬಿತ್ತು ಎಂಬುದಕ್ಕೆ ಅಧಿಸೂಚನೆಯಲ್ಲಿ ಉತ್ತರವಿರಲಿಲ್ಲ. ಆದರೆ ಗುಜರಾತಿನ ವಕೀಲರಿಗೆ ಒಂದು ಹಳೆಯ ಮೊಕದ್ದಮೆ ಚೆನ್ನಾಗಿ ನೆನಪಿತ್ತು. ವಡೋದರಾದಿಂದ ‘ಭೂಮಿಪುತ್ರ’ ಎಂಬ ಸರ್ವೋದಯದ ಗುಜರಾತಿ ಪತ್ರಿಕೆಯೊಂದು ಹೊರಡುತ್ತಿತ್ತು. ಅದರ ಸಂಪಾದಕರು ಗಾಂಧಿವಾದಿ ಚುನಿಭಾಯಿ ವೈದ್ಯ. 1975ರ ಅಕ್ಟೋಬರ್ 12ರಂದು ಅಹಮದಾಬಾದಿನಲ್ಲಿ ನಾಗರಿಕ ಹಕ್ಕುಗಳ ಸಮ್ಮೇಳನವೊಂದು ನಡೆಯಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ, ಎಂ.ಸಿ. ಛಾಗ್ಲಾ ಮೊದಲಾದವರು ಅಲ್ಲಿ ಮಾತನಾಡಿದರು. ಆ ಮಾತುಗಳನ್ನು ಅಚ್ಚು ಹಾಕಿದ್ದಕ್ಕೆ ಪತ್ರಿಕೆಯ ಮೇಲೆ ಸೆನ್ಸಾರಿನ ಕತ್ತಿ ಬಿತ್ತು. ವೈದ್ಯ ಅವರು ಹೈಕೋರ್ಟಿಗೆ ಹೋದರು. ಪೀಠದಲ್ಲಿ ಕುಳಿತಿದ್ದವರು ಜೆ.ಬಿ. ಮೆಹ್ತಾ ಮತ್ತು ಎಸ್.ಎಚ್. ಶೇಠ್. ಸರ್ಕಾರವನ್ನು ಟೀಕಿಸುವುದೇ ಅಪರಾಧವಲ್ಲ, ಸೆನ್ಸಾರ್ ಅಧಿಕಾರಿಯ ಇಷ್ಟಾನಿಷ್ಟವೇ ಕಾನೂನಲ್ಲ ಎಂಬ ನಿಲುವಿನಿಂದ ಆ ಪೀಠ ಸೆನ್ಸಾರ್ ಮಾರ್ಗಸೂಚಿಗಳನ್ನು ಹೊಡೆದುಹಾಕಿತು. ಎಲ್ಲ ಬಾಯಿಗಳೂ ಮುಚ್ಚಿದ್ದ ದಿನಗಳಲ್ಲಿ ಬಂದ ಅಂಥ ತೀರ್ಪಿನ ಬೆಲೆಯನ್ನು ಇಂದು ಅಳೆಯುವುದು ಕಷ್ಟ.

ಹೊರಗಿನ ಹವೆಯೂ ಬದಲಾಗುತ್ತಿತ್ತು. ಗುಜರಾತಿನಲ್ಲಿ ಬಾಬುಭಾಯಿ ಪಟೇಲರ ಜನತಾ ಮೋರ್ಚಾ ಸರ್ಕಾರ 1976ರ ಮಾರ್ಚ್‌ನಲ್ಲಿ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಜಬಲ್ಪುರದ ಹೇಬಿಯಸ್ ಕಾರ್ಪಸ್ ಮೊಕದ್ದಮೆಯಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕೇ ಇಲ್ಲ ಎಂದು ನಾಲ್ಕು–ಒಂದರ ಬಹುಮತದಿಂದ ಹೇಳಿಬಿಟ್ಟಿತು. ವಿರೋಧಿಸಿದವರು ಎಚ್.ಆರ್. ಖನ್ನಾ ಒಬ್ಬರೇ. ಬಂಧಿತರ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಂಡಿದ್ದ ಹಲವು ಹೈಕೋರ್ಟುಗಳ ಧೈರ್ಯ ಒಂದೇ ದಿನದಲ್ಲಿ ನೆಲಕಚ್ಚಿತು. ಅದಾಗಿ ತಿಂಗಳು ತುಂಬುವಷ್ಟರಲ್ಲಿ ಶೇಠ್ ಅವರ ಕೈಗೆ ವರ್ಗಾವಣೆ ಆದೇಶ ಬಂತು.

ಅವರ ಮುಂದೆ ಎರಡು ದಾರಿಗಳು ಕಾಣುತ್ತಿದ್ದವು. ರಾಜೀನಾಮೆ ಕೊಟ್ಟು ಮನೆಗೆ ಹೋಗಬಹುದಿತ್ತು. ಸುಮ್ಮನೆ ಹೈದರಾಬಾದಿಗೆ ಹೋಗಿ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರಬಹುದಿತ್ತು. ಶೇಠ್ ಅವರು ಮೂರನೆಯದೊಂದು ದಾರಿ ಹುಡುಕಿಕೊಂಡರು. ಆದೇಶ ಪಾಲಿಸಿ ಆಂಧ್ರದಲ್ಲಿ ಅಧಿಕಾರ ವಹಿಸಿಕೊಂಡರು, ಜೊತೆಗೆ ಆ ಆದೇಶವೇ ಸಂವಿಧಾನಬಾಹಿರ ಎಂದು, ತಾವು ಬಿಟ್ಟುಬಂದ ಗುಜರಾತ್ ಹೈಕೋರ್ಟಿನಲ್ಲೇ ರಿಟ್ ಅರ್ಜಿ ಹಾಕಿದರು. ಹದಿನಾರು ಮಂದಿಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಅವರೊಬ್ಬರೇ. ಉಳಿದವರನ್ನು ಹೇಡಿಗಳೆಂದು ಕರೆಯುವುದು ಅನ್ಯಾಯ. ಅವರಲ್ಲಿ ಅನೇಕರು ತಮ್ಮ ಧೈರ್ಯವನ್ನು ತೀರ್ಪುಗಳಲ್ಲಿ ಆಗಲೇ ತೋರಿಸಿದ್ದರು. ಆದರೆ ಹಾಲಿ ನ್ಯಾಯಮೂರ್ತಿಯೊಬ್ಬರು ಕಕ್ಷಿದಾರರಾಗಿ ನಿಲ್ಲುವುದೆಂದರೆ ಜೀವಮಾನವಿಡೀ ಕಾಪಾಡಿಕೊಂಡ ಮೌನವನ್ನೇ ಮುರಿಯುವುದು. ಅದಕ್ಕೆ ಬೇಕಾದದ್ದು ಇನ್ನೊಂದು ಬಗೆಯ ಗಟ್ಟಿತನ.

ಅರ್ಜಿಯಲ್ಲಿ ಮೊದಲ ಪ್ರತಿವಾದಿ ಭಾರತ ಸರ್ಕಾರ, ಎರಡನೆಯ ಪ್ರತಿವಾದಿ ಭಾರತದ ಮುಖ್ಯ ನ್ಯಾಯಮೂರ್ತಿ. ಮೂಲಭೂತ ಹಕ್ಕುಗಳ ಜಾರಿಗೆ ಕೋರ್ಟಿಗೆ ಹೋಗುವ ದಾರಿ ಆಗ ಬಹುಮಟ್ಟಿಗೆ ಮುಚ್ಚಿತ್ತು. ಜಬಲ್ಪುರದ ತೀರ್ಪು ಅದಕ್ಕೆ ಬೀಗವನ್ನೂ ಹಾಕಿತ್ತು. ಆದರೆ 222ನೇ ವಿಧಿ ಮೂಲಭೂತ ಹಕ್ಕಿನ ಮಾತಲ್ಲ, ನ್ಯಾಯಾಂಗದ ರಚನೆಯ ಮಾತು. ಅದನ್ನು ಯಾವ ತುರ್ತು ಆದೇಶವೂ ಮುಟ್ಟಿರಲಿಲ್ಲ. ಶೇಠ್ ಅವರು ಆ ಸಂದಿಯಿಂದಲೇ ಒಳನುಗ್ಗಿದರು. ಅವರ ವಾದಕ್ಕೆ ನಾಲ್ಕು ಕಾಲುಗಳಿದ್ದವು: ನ್ಯಾಯಮೂರ್ತಿಯ ಒಪ್ಪಿಗೆಯಿಲ್ಲದೆ ವರ್ಗಾವಣೆ ಸಲ್ಲದು, ಒಪ್ಪಿಗೆಯಿಲ್ಲದೆ ವರ್ಗಾಯಿಸುವುದಿಲ್ಲವೆಂದು ಕಾನೂನು ಸಚಿವ ಎ.ಕೆ. ಸೇನ್ 1963ರಲ್ಲಿ, ಹದಿನೈದನೇ ತಿದ್ದುಪಡಿಯ ಸಮಯದಲ್ಲಿ, ಸರ್ಕಾರದ ಪರವಾಗಿ ಕೊಟ್ಟ ಭರವಸೆ ಮುರಿದಿದೆ. ಈ ವರ್ಗಾವಣೆಯಲ್ಲಿ ಸಾರ್ವಜನಿಕ ಹಿತವಿಲ್ಲ. ಮುಖ್ಯ ನ್ಯಾಯಮೂರ್ತಿಯೊಂದಿಗೆ ನಡೆದದ್ದು ನಿಜವಾದ ಸಮಾಲೋಚನೆಯಲ್ಲ. ಕೊನೆಯದು ಅರ್ಜಿಯ ತುದಿಯಲ್ಲಿ ಮೆಲ್ಲಗೆ ಕುಳಿತಿತ್ತು. ಎಲ್ಲರ ಕಣ್ಣು ಮೊದಲನೆಯದರ ಮೇಲಿತ್ತು.

ಆಗ ಗುಜರಾತ್ ಹೈಕೋರ್ಟು ಅಹಮದಾಬಾದಿನ ನವರಂಗಪುರದಲ್ಲಿತ್ತು. ಜೆ.ಬಿ. ಮೆಹ್ತಾ, ಎ.ಡಿ. ದೇಸಾಯಿ, ಡಿ.ಎ. ದೇಸಾಯಿ ಅವರ ವಿಶೇಷ ಪೀಠದ ಮುಂದೆ ಅರ್ಜಿ ಬಂತು. ಆ ಮೂವರ ಇಕ್ಕಟ್ಟನ್ನು ಊಹಿಸಿಕೊಳ್ಳಬೇಕು. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಸಹೋದ್ಯೋಗಿ ಅರ್ಜಿದಾರರು. ಎದುರಾಳಿ, ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಯಾವ ಮೂಲೆಗಾದರೂ ಕಳಿಸಬಲ್ಲೆ ಎಂದು ತೋರಿಸಿಕೊಟ್ಟಿದ್ದ ಸರ್ಕಾರ. ಮುಂದಿನ ಅಧಿಸೂಚನೆಯಲ್ಲಿ ತಮ್ಮ ಹೆಸರೇ ಇರಬಹುದು ಎಂಬುದು ಮೂವರಿಗೂ ಗೊತ್ತಿದ್ದ ಸಂಗತಿ. ರಾಷ್ಟ್ರೀಯ ಐಕ್ಯಕ್ಕಾಗಿ ಹೊರರಾಜ್ಯದ ನ್ಯಾಯಮೂರ್ತಿಗಳು ಬೇಕು ಎಂಬುದು ಸರ್ಕಾರದ ಸಮರ್ಥನೆ. ಆ ಮಾತಿಗೆ ಹಳೆಯ ಆಧಾರವೂ ಇತ್ತು. ಹೈಕೋರ್ಟುಗಳಲ್ಲಿ ಮೂರನೇ ಒಂದು ಭಾಗದಷ್ಟಾದರೂ ಹೊರರಾಜ್ಯದವರಿರಲಿ ಎಂದು ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲೇ ಸೂಚಿಸಿತ್ತು.

1976ರ ನವೆಂಬರ್ ಮೊದಲ ವಾರ. ದೆಹಲಿಯಲ್ಲಿ ಕೋರ್ಟುಗಳ ರೆಕ್ಕೆ ಕತ್ತರಿಸುವ 42ನೇ ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಸಾಗುತ್ತಿತ್ತು. ಅದೇ ದಿನಗಳಲ್ಲಿ ಅಹಮದಾಬಾದಿನ ಪೀಠ ಶೇಠ್ ಅವರ ವರ್ಗಾವಣೆಯನ್ನು ರದ್ದುಮಾಡಿತು. ತುರ್ತು ಪರಿಸ್ಥಿತಿಯ ನಡುಮಧ್ಯದಲ್ಲಿ, ರಾಷ್ಟ್ರಪತಿಯವರ ಅಧಿಸೂಚನೆಯನ್ನು ಒಂದು ಹೈಕೋರ್ಟು ಅಳಿಸಿಹಾಕಿತು.

ಗೆಲುವು ಕಾಗದದ ಮೇಲೇ ಉಳಿಯಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು, ಶೇಠ್ ಅವರು ಆಂಧ್ರದಲ್ಲೇ ಉಳಿದರು. 1977ರ ಜನವರಿಯಲ್ಲಿ ಇನ್ನೊಂದು ಏಟು ಬಿತ್ತು. ಜಬಲ್ಪುರ ಮೊಕದ್ದಮೆಯಲ್ಲಿ ಒಂಟಿಯಾಗಿ ನಿಂತಿದ್ದ ಖನ್ನಾ ಅವರನ್ನು ದಾಟಿ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಖನ್ನಾ ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟಿನಲ್ಲಿ ಹೈಕೋರ್ಟಿನ ತೀರ್ಪು ಉಳಿಯುತ್ತದೆ ಎಂದು ನಂಬಲು ಆ ಚಳಿಗಾಲದಲ್ಲಿ ಯಾರಿಗೂ ಕಾರಣವಿರಲಿಲ್ಲ.

ಆಮೇಲೆ ಯಾರೂ ಎಣಿಸದಿದ್ದದ್ದು ನಡೆಯಿತು. ಚುನಾವಣೆ ಘೋಷಣೆಯಾಯಿತು, ಮಾರ್ಚ್‌ನಲ್ಲಿ ಸರ್ಕಾರವೇ ಉರುಳಿತು. 1973ರಲ್ಲಿ ರಾಜೀನಾಮೆ ಕೊಟ್ಟಿದ್ದ ಕೆ.ಎಸ್. ಹೆಗ್ಡೆ ಲೋಕಸಭೆಗೆ ಆಯ್ಕೆಯಾಗಿ, ಜುಲೈನಲ್ಲಿ ಸ್ಪೀಕರ್ ಪೀಠ ಏರಿದರು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಕವಾದ ಆಯೋಗಕ್ಕೆ ಅಧ್ಯಕ್ಷರಾದವರು, ‘ಭೂಮಿಪುತ್ರ’ ಅಚ್ಚು ಹಾಕಿದ ಸಮ್ಮೇಳನದಲ್ಲಿದ್ದ ಅದೇ ಜೆ.ಸಿ. ಶಾ. ಇಂದಿರಾ ಗಾಂಧಿಯವರ ಸರ್ಕಾರ ಸಲ್ಲಿಸಿದ ಮೇಲ್ಮನವಿಯನ್ನು ಈಗ ನಡೆಸಬೇಕಾದವರು ಜನತಾ ಸರ್ಕಾರದ ಅಟಾರ್ನಿ ಜನರಲ್ ಎಸ್.ವಿ. ಗುಪ್ತೆ.

ಪೀಠದಲ್ಲಿ ಐವರಿದ್ದರು: ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ, ವಿ.ಆರ್. ಕೃಷ್ಣ ಅಯ್ಯರ್, ಎನ್.ಎಲ್. ಉಂಟ್ವಾಲಿಯಾ, ಮುರ್ತಜಾ ಫಜಲ್ ಅಲಿ. ಮೊದಲ ಇಬ್ಬರೂ ಜಬಲ್ಪುರದ ಬಹುಮತದಲ್ಲಿ ಇದ್ದವರು. ಭಗವತಿಯವರು ಹಿಂದೆ ಗುಜರಾತ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಶೇಠ್ ಅವರ ಪರ ಎದ್ದುನಿಂತವರು ಮುಂಬಯಿಯ ಎಚ್.ಎಂ. ಸೀರವಾಯಿ. ಎಡನೀರು ಸ್ವಾಮಿಗಳ ಮೊಕದ್ದಮೆಯಲ್ಲಿ ಕೇರಳ ಸರ್ಕಾರದ ಪರವಾಗಿ, ಸಂಸತ್ತಿನ ಅಧಿಕಾರಕ್ಕೆ ಮಿತಿಯಿಲ್ಲವೆಂದು ವಾದಿಸಿದ್ದ ಸೀರವಾಯಿ ಈಗ ಒಬ್ಬ ನ್ಯಾಯಮೂರ್ತಿಯ ಕುರ್ಚಿಗಾಗಿ ಸರ್ಕಾರದ ಅಧಿಕಾರಕ್ಕೆ ಮಿತಿ ಹುಡುಕುತ್ತಿದ್ದರು.

ಆಗ ಮೊಕದ್ದಮೆ ಕೈಜಾರಿ ಹೋಗುವ ಗಳಿಗೆಯೊಂದು ಬಂತು. ದಾಖಲೆಯಲ್ಲಿರುವ ಸಂಗತಿಗಳನ್ನು ನೋಡಿದರೆ ಶೇಠ್ ಅವರನ್ನು ಗುಜರಾತಿನಿಂದ ವರ್ಗಾಯಿಸಿದ್ದಕ್ಕೆ ಸಮರ್ಥನೆಯಿದೆಯೆಂದು ಈಗಿನ ಸರ್ಕಾರ ಭಾವಿಸುವುದಿಲ್ಲ, ಅವರನ್ನು ಮರಳಿ ಕಳಿಸುವ ಉದ್ದೇಶವಿದೆ ಎಂದು ಅಟಾರ್ನಿ ಜನರಲ್ ಪೀಠಕ್ಕೆ ತಿಳಿಸಿದರು. ಸೀರವಾಯಿ ಅವರು ಕೋರ್ಟಿನ ಅನುಮತಿಯಿಂದ ಅರ್ಜಿಯನ್ನು ಹಿಂದಕ್ಕೆ ಪಡೆದರು. ಕಕ್ಷಿದಾರರ ಮಟ್ಟಿಗೆ ಜಗಳ ಮುಗಿಯಿತು. ಶೇಠ್ ಅವರಿಗೆ ನ್ಯಾಯ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಸರ್ಕಾರ ಬದಲಾದ್ದರಿಂದ. ಕೋರ್ಟು ಅಲ್ಲಿಗೇ ಕಡತ ಮುಚ್ಚಿದ್ದರೆ, ಹದಿನಾರು ವರ್ಗಾವಣೆಗಳು ಸರಿಯೋ ತಪ್ಪೋ ಎಂಬುದು ಮುಂದಿನ ತುರ್ತು ಪರಿಸ್ಥಿತಿಗೆ ಕಾದಿಟ್ಟ ಪ್ರಶ್ನೆಯಾಗಿ ಉಳಿಯುತ್ತಿತ್ತು. ಐವರು ನ್ಯಾಯಮೂರ್ತಿಗಳು ಕಡತ ಮುಚ್ಚಲಿಲ್ಲ. ಕಾನೂನಿನ ಪ್ರಶ್ನೆಗೆ ಉತ್ತರ ಬರೆದೇ ತೀರುತ್ತೇವೆಂದು ಕುಳಿತರು.

ಗಂಟು ಸುಲಭದ್ದಾಗಿರಲಿಲ್ಲ. ಒಪ್ಪಿಗೆ ಬೇಕೇ ಬೇಕೆಂದರೆ, ಊರಿನ ಬಣ, ಬಂಧುತ್ವ, ವಕೀಲಿ ಗೆಳೆತನಗಳಲ್ಲಿ ಸಿಕ್ಕಿಕೊಂಡ ನ್ಯಾಯಮೂರ್ತಿಯನ್ನೂ ಅಲ್ಲಿಂದ ಕದಲಿಸುವಂತಿಲ್ಲ. ಸಂವಿಧಾನದಲ್ಲಿ ಅಂಥವರಿಗಿದ್ದ ಇನ್ನೊಂದೇ ಮದ್ದು ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತದಿಂದ ಪದಚ್ಯುತಿ. ಅದು ಎಷ್ಟು ಕಠಿಣವೆಂದರೆ ಆವರೆಗೆ ಒಮ್ಮೆಯೂ ಆಗಿರಲಿಲ್ಲ. ಒಪ್ಪಿಗೆ ಬೇಡವೆಂದರೆ, ಸರ್ಕಾರಕ್ಕೆ ಕಹಿಯಾದ ತೀರ್ಪು ಕೊಟ್ಟವರನ್ನೆಲ್ಲ ಭಾಷೆ ಬಾರದ ಊರಿಗೆ ಅಟ್ಟಬಹುದು. ಒಂದರಲ್ಲಿ ಉತ್ತರದಾಯಿತ್ವ ಸಾಯುತ್ತಿತ್ತು, ಇನ್ನೊಂದರಲ್ಲಿ ಸ್ವಾತಂತ್ರ್ಯ.

1977ರ ಸೆಪ್ಟೆಂಬರ್ 19ರಂದು ತೀರ್ಪು ಬಂದಾಗ ಪೀಠ ಒಡೆದಿತ್ತು. ಭಗವತಿ ಮತ್ತು ಉಂಟ್ವಾಲಿಯಾ, ಒಪ್ಪಿಗೆ ಬೇಕೇ ಬೇಕು, ಇಲ್ಲದಿದ್ದರೆ ನ್ಯಾಯಾಂಗದ ಸ್ವಾತಂತ್ರ್ಯ ಉಳಿಯದು ಎಂದರು. ಚಂದ್ರಚೂಡ್, ಕೃಷ್ಣ ಅಯ್ಯರ್, ಫಜಲ್ ಅಲಿ ಬೇಡವೆಂದರು. ಮೂರಕ್ಕೆ ಎರಡು. ಶೇಠ್ ಅವರ ಅರ್ಜಿಯ ಮೊದಲ ಕಾಲು ಮುರಿದುಬಿತ್ತು. ಆದರೆ ಓದುತ್ತ ಹೋದವರಿಗೆ, ತುದಿಯಲ್ಲಿ ಕುಳಿತಿದ್ದ ನಾಲ್ಕನೆಯ ಕಾಲೇ ಇಡೀ ಭಾರ ಹೊತ್ತದ್ದು ಕಾಣಿಸಿತು.

ಚಂದ್ರಚೂಡ್ ಅವರು ಬರೆದದ್ದರ ತಿರುಳು ಹೀಗಿತ್ತು. ವರ್ಗಾವಣೆ ಸಾರ್ವಜನಿಕ ಹಿತಕ್ಕೆ ಮಾತ್ರ, ಶಿಕ್ಷೆಗಲ್ಲ. ಸಮಾಲೋಚನೆಯೆಂದರೆ ಮುಖ್ಯ ನ್ಯಾಯಮೂರ್ತಿಯ ಕಿವಿಗೆ ಒಂದು ಹೆಸರು ಹಾಕುವುದಲ್ಲ. ಆ ಒಬ್ಬ ನ್ಯಾಯಮೂರ್ತಿಯನ್ನು ಯಾಕೆ ಕದಲಿಸಬೇಕೆಂಬುದರ ಎಲ್ಲ ಸಂಗತಿಗಳನ್ನೂ ಸರ್ಕಾರ ಅವರ ಮುಂದಿಡಬೇಕು, ಸಾಲದಿದ್ದರೆ ಅವರು ಕೇಳಿ ಪಡೆಯಬೇಕು. ಪ್ರತಿಯೊಬ್ಬರ ಪ್ರಕರಣವನ್ನೂ ಬೇರೆಬೇರೆಯಾಗಿ ತೂಗಬೇಕು. ಒಟ್ಟೊಟ್ಟಿಗೆ, ಸರ್ಕಾರದ ಏಕಪಕ್ಷೀಯ ಲೆಕ್ಕಾಚಾರದಲ್ಲಿ ಮಾಡುವ ಸಗಟು ವರ್ಗಾವಣೆ ಸಂವಿಧಾನದ ಕಲ್ಪನೆಗೇ ಹೊರಗಿನದು. ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯ ಸರ್ಕಾರವನ್ನು ಕಟ್ಟಿಹಾಕದಿದ್ದರೂ ಅದನ್ನು ಸಾಮಾನ್ಯವಾಗಿ ಒಪ್ಪಲೇಬೇಕು, ತಳ್ಳಿಹಾಕಿದರೆ ಕೋರ್ಟು ಯಾಕೆಂದು ಕೇಳಬಹುದು ಎಂಬುದು ಕೃಷ್ಣ ಅಯ್ಯರ್ ಅವರ ನಿಲುವು. ಕೀಲಿಕೈ ಇದ್ದದ್ದು ಅಲ್ಲಿ. ನ್ಯಾಯಮೂರ್ತಿಗೆ ವೀಟೋ ಇಲ್ಲ, ಸರ್ಕಾರಕ್ಕೆ ಚಾಟಿಯೂ ಇಲ್ಲ. ಇಬ್ಬರ ನಡುವೆ ಇರಬೇಕಾದದ್ದು ಪರೀಕ್ಷೆಗೆ ಒಡ್ಡಬಹುದಾದ ಕಾರಣ.

ಆ ಕೀಲಿಕೈ ಮುಂದೆ ಹಲವು ಕೈ ಬದಲಾಯಿಸಿತು. ಅದರ ಮೊದಲ ಪರೀಕ್ಷೆ ನಾಲ್ಕೇ ವರ್ಷದಲ್ಲಿ, ಎಸ್.ಪಿ. ಗುಪ್ತಾ ಮೊಕದ್ದಮೆಯಲ್ಲಿ ಬಂತು. ಪಾಟ್ನಾದ ಮುಖ್ಯ ನ್ಯಾಯಮೂರ್ತಿ ಕೆ.ಬಿ.ಎನ್. ಸಿಂಗ್ ಅವರನ್ನು ಮದ್ರಾಸಿಗೆ ಕಳಿಸಿದ್ದನ್ನು 1981ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟಿನ ಬಹುಮತ ಎತ್ತಿಹಿಡಿಯಿತು. ಏಳು ಮಂದಿಯ ಆ ಪೀಠದಲ್ಲಿ ಭಗವತಿ ಇದ್ದರು, ಅಹಮದಾಬಾದಿನಲ್ಲಿ ಶೇಠ್ ಅವರ ಅರ್ಜಿ ಕೇಳಿದ್ದ ಡಿ.ಎ. ದೇಸಾಯಿ ಇದ್ದರು, ಕರ್ನಾಟಕದ ಇ.ಎಸ್. ವೆಂಕಟರಾಮಯ್ಯ ಇದ್ದರು. ಕೊನೆಯ ಮಾತು ಸರ್ಕಾರದ್ದೇ ಎಂದು ಆ ತೀರ್ಪು ಹೇಳಿತು, ಸ್ವಾತಂತ್ರ್ಯದ ಪಕ್ಷದವರಿಗೆ ಅದು ಸೋಲು. ಆದರೆ ಅದೇ ಮೊಕದ್ದಮೆಯಲ್ಲಿ, ದೆಹಲಿಯ ಒಬ್ಬ ನ್ಯಾಯಮೂರ್ತಿಯನ್ನು ಮುಂದುವರಿಸದೆ ಇದ್ದದ್ದರ ಬಗ್ಗೆ ಕಾನೂನು ಸಚಿವರೂ ಮುಖ್ಯ ನ್ಯಾಯಮೂರ್ತಿಗಳೂ ಬರೆದುಕೊಂಡ ಪತ್ರಗಳನ್ನು ಬಹಿರಂಗಪಡಿಸುವಂತೆ ಕೋರ್ಟು ಆದೇಶಿಸಿತು. 1976ರಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಸಮಾಲೋಚನೆ ಮೊದಲ ಬಾರಿಗೆ ಬೆಳಕಿಗೆ ಬಂತು.

1993ರ ಅಕ್ಟೋಬರ್ 6ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಲ್ಲವನ್ನೂ ತಿರುಗಿಸಿತು. ಕನ್ನಡಿಗ ಎಂ.ಎನ್. ವೆಂಕಟಾಚಲಯ್ಯ ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದ ಕಾಲ ಅದು. ನೇಮಕ, ವರ್ಗಾವಣೆಗಳ ಕೊನೆಯ ಮಾತು ನ್ಯಾಯಾಂಗದ್ದಾಯಿತು, ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಹುಟ್ಟಿತು. ಅದೇ ವರ್ಷದ ಮೇನಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಪದಚ್ಯುತಿ ಗೊತ್ತುವಳಿ ಲೋಕಸಭೆಯಲ್ಲಿ ಬಿದ್ದುಹೋಗಿತ್ತು. ಪರವಾಗಿ 196 ಮತ, ವಿರುದ್ಧವಾಗಿ ಒಂದೂ ಇಲ್ಲ, ತಟಸ್ಥರು 205. ಮೇಲಿನ ಕೋರ್ಟುಗಳ ಮೇಲೆ ಸರ್ಕಾರದ ಹಿಡಿತ ತಪ್ಪಿದ ವರ್ಷವೇ ಅವುಗಳ ಉತ್ತರದಾಯಿತ್ವಕ್ಕೆ ಸಂಸತ್ತಿನಲ್ಲಿ ದಾರಿ ಸಿಗಲಿಲ್ಲ. ಈಗ ಚಾಟಿ ಸರ್ಕಾರದ ಕೈಯಲ್ಲಿರಲಿಲ್ಲ. ಆದರೆ 1977ರ ತೀರ್ಪು ಬೇಡಿದ್ದ ಕಾರಣವೂ ಮುಚ್ಚಿದ ಬಾಗಿಲ ಹಿಂದೆ ಸೇರಿಕೊಂಡಿತು.

ಗುಜರಾತ್ ಮತ್ತು ಕರ್ನಾಟಕ ಇನ್ನೊಮ್ಮೆ ಒಂದೇ ದಾರಿಯಲ್ಲಿ ಎದುರಾದವು. ಗುಜರಾತ್ ಹೈಕೋರ್ಟಿನಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಯಂತ್ ಪಟೇಲ್ ಅವರನ್ನು 2016ರಲ್ಲಿ ಕರ್ನಾಟಕಕ್ಕೆ ಕಳಿಸಲಾಗಿತ್ತು. 2017ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಅವರು ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗುವ ದಿನಗಳು ಹತ್ತಿರವಾಗಿದ್ದಾಗ, ಅವರನ್ನು ಅಲಹಾಬಾದಿಗೆ ವರ್ಗಾಯಿಸುವ ಸುದ್ದಿ ಬಂತು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅವರನ್ನು 1976ರಲ್ಲಿ ಕಳಿಸಿದ್ದ ಊರೂ ಅದೇ. ಪಟೇಲ್ ಅವರು ರಾಜೀನಾಮೆ ಕೊಟ್ಟರು. ಅಹಮದಾಬಾದಿನಲ್ಲೂ ಬೆಂಗಳೂರಿನಲ್ಲೂ ವಕೀಲರು ಪ್ರತಿಭಟನೆಗಿಳಿದು ಕೇಳಿದ್ದು ಒಂದೇ ಮಾತು: ಕಾರಣವೇನು? ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ತನ್ನ ನಿರ್ಣಯಗಳನ್ನು ಕಾರಣಸಹಿತ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಪ್ರಕಟಿಸಲು ಕೊಲಿಜಿಯಂ ತೀರ್ಮಾನಿಸಿತು. ಎರಡು ವರ್ಷದ ನಂತರ ಮದ್ರಾಸಿನ ಮುಖ್ಯ ನ್ಯಾಯಮೂರ್ತಿ ವಿಜಯಾ ತಾಹಿಲ್‌ರಮಾನಿ ಅವರನ್ನು ಮೇಘಾಲಯಕ್ಕೆ ಕಳಿಸಿದಾಗ, ಕಾರಣಗಳಿವೆ, ಅಗತ್ಯ ಬಿದ್ದರೆ ಹೇಳುತ್ತೇವೆ ಎಂಬ ಹೇಳಿಕೆಯಷ್ಟೇ ಹೊರಬಿತ್ತು. ಅವರೂ ರಾಜೀನಾಮೆ ಕೊಟ್ಟರು.